ಒರಟು ಧಾನ್ಯ ಎಂದವರು ಯಾರು?

ಪುಕ್ಕಟೆ ಅಕ್ಕಿ ಕೊಟ್ಟು ಸರಕಾರ ಬಡವರನ್ನು ಸೋಮಾರಿ ಮಾಡಿತು ಎಂಬ ಮಾತನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಂತೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಲೇ ಹೇಳುವವರನ್ನು ಕಂಡಿದ್ದೇನೆ. ಈಚೆಗೆ ಇದಕ್ಕೆ ಜೋಡಿಯಾಗಿ ಇನ್ನೊಂದು ಮಾತು ಹುಟ್ಟಿಕೊಂಡಿದೆ. ಹೆಂಗಸರು ಅಜ್ಜಿಯ ಕಾಲದ ಧಾನ್ಯಗಳನ್ನು ಮರೆತರಂತೆ. ಅದಕ್ಕೇ ಮನೆಯಲ್ಲಿ ಸಕ್ಕರೆ ಕಾಯಿಲೆ, ಹೊಲದಲ್ಲಿ ಬರ! ಸಿರಿಧಾನ್ಯ ಮೇಳದ ವೇದಿಕೆಯ ಮೇಲಿಂದ ಒಬ್ಬ ಮಹನೀಯರು ಹೀಗೆ ಹೇಳಿದಾಗ, ಕೆಳಗೆ ಕುಳಿತ ನಾವು ನೂರಾರು ಹೆಂಗಸರು ಚಪ್ಪಾಳೆಯನ್ನೂ ತಟ್ಟಿದೆವು. ಮನೆಗೆ ಬರುವ ದಾರಿಯಲ್ಲಿ ನನಗೆ ಸಿಟ್ಟು ಬಂತು.

ನನ್ನ ಜಗಳ ಇಬ್ಬರ ಮೇಲೂ ಇದೆ. ಹಸಿದವರಿಗೆ ಕಾಳು ಕೊಡುವುದು ತಪ್ಪಲ್ಲ. ಜೋಳ ಬೆಳೆಯುವ ನೆಲಕ್ಕೂ ರಾಗಿ ಬೆಳೆಯುವ ನೆಲಕ್ಕೂ ಒಂದೇ ಅಕ್ಕಿಯನ್ನು ಸುರಿದು, ಇದೇ ಆಹಾರ ಭದ್ರತೆ ಎಂದು ಹೇಳುವುದು ತಪ್ಪು. ಮಳೆ ನಂಬಿಗೆ ಕಳೆದುಕೊಂಡಿರುವ ಈ ಕಾಲದಲ್ಲಿ ಅದು ಬರೀ ತಪ್ಪಲ್ಲ, ಅಪಾಯ. ಆ ತಪ್ಪನ್ನು ತಿದ್ದಬೇಕಾದವರು ನಮ್ಮ ಅಡಿಗೆಮನೆಯ ಕಡೆಗೆ ಬೆರಳು ತೋರಿಸಿ ಪಾರಾಗುತ್ತಿದ್ದಾರೆ.

ನಾನು ವಿಜಯಪುರ ಜಿಲ್ಲೆಯವಳು, ಡೋಣಿ ಸಾಲಿನ ಎರಿ ಭೂಮಿಯ ಮಗಳು. ಬಯಲುಸೀಮೆಯ ಹಿಂಗಾರಿ ಜೋಳ ಎಂದರೇನು ಎಂಬುದು ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಉತ್ತರಿ, ಹಸ್ತದ ಮಳೆಗೆ ಭೂಮಿ ನೆನೆದ ಮೇಲೆ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಣ್ಣಿನ ಹೊಟ್ಟೆಯಲ್ಲಿರುವ ಹಸಿಯನ್ನೇ ಹೀರಿಕೊಂಡು, ಚಳಿಗೂ ಇಬ್ಬನಿಗೂ ಬೆಳೆಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೇರು ಆಳಕ್ಕೆ ಇಳಿಯುತ್ತದೆ. ನೀರು ಸಾಲದಾದಾಗ ಎಲೆಯನ್ನು ಸುರುಳಿ ಸುತ್ತಿಕೊಂಡು ತಡೆದು ನಿಲ್ಲುತ್ತದೆ. ಒಂದು ಹನಿ ಬಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಮಾಲದಂಡಿ ಎಂದು ನಾವು ಕರೆಯುವ ಎಂ 35-1 ತಳಿ ಸೊಲ್ಲಾಪುರದ ಹತ್ತಿರದ ಮೊಹೋಳದಲ್ಲಿ ಆರಿಸಿದ್ದು. ಸ್ವಾತಂತ್ರ್ಯಕ್ಕೆ ಮುಂಚಿನ ಆ ತಳಿಯನ್ನು ನಮ್ಮ ಕಡೆ ಇಂದಿಗೂ ಬಿತ್ತುತ್ತಾರೆ. ಕಾಳು ಮನುಷ್ಯರಿಗೆ, ಕಣಿಕಿ ದನಗಳಿಗೆ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಎಳೆ ತೆನೆ ಸುಟ್ಟು ಸೀತನಿ ತಿಂದವರಿಗೆ ಈ ಬೆಳೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಊರಲ್ಲಿ ಹಗೇವುಗಳಿದ್ದವು. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿ, ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ದಿನ ಒಳಗೆ ಇಳಿಯುವಂತಿಲ್ಲ, ಉಸಿರುಗಟ್ಟಿ ಸಾಯುತ್ತಾರೆ. ಬಾಯಿ ತೆರೆದು ಕಾಯಬೇಕು. ಬರದ ವರ್ಷಕ್ಕಾಗಿ ಒಳ್ಳೆಯ ವರ್ಷದಲ್ಲೇ ಬಚ್ಚಿಡುವ ಬುದ್ಧಿ ಅದು. ಎಲ್ಲರ ಮನೆಯಲ್ಲೂ ಹಗೇವು ಇತ್ತೇ ಎಂದರೆ, ಇರಲಿಲ್ಲ. ಇದ್ದವರು ಹೊಲ ಇದ್ದವರು. ಇಲ್ಲದವರು ಅವರ ಅಂಗಳದಲ್ಲಿ ಸೆರಗೊಡ್ಡಿ ನಿಂತವರು. ಆದ್ದರಿಂದ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹಾಡಲಾರೆ. 1876ರಿಂದ 78ರವರೆಗಿನ ಬರ ನಮ್ಮ ಸೀಮೆಯನ್ನು ಹಿಂಡಿಹಾಕಿತು. ಆಗಲೂ ರೈಲಿನಲ್ಲಿ ಗೋಧಿ ಬಂದರಿಗೆ ಹೋಗಿ ಹಡಗೇರುತ್ತಿತ್ತು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೊಂದು ಆಣೆ ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿದ. ಕಾಳು ಇಲ್ಲವೆಂದು ಜನ ಸಾಯುವುದಿಲ್ಲ, ಇದ್ದ ಕಾಳು ಕೈಗೆ ಎಟುಕದೆ ಸಾಯುತ್ತಾರೆ ಎಂದು ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕವನ್ನೇ ಬರೆದರು. ಸೆರಗೊಡ್ಡಿ ನಿಂತವರಿಗೆ ಅದು ಮೊದಲೇ ಗೊತ್ತಿತ್ತು.

ಅದಕ್ಕೇ ರೇಷನ್ ಅಂಗಡಿಯನ್ನು ಹಳಿಯುವವರ ಜೊತೆ ನಾನು ಸೇರುವುದಿಲ್ಲ. 2013ರಲ್ಲಿ ಆಹಾರ ಭದ್ರತೆಯ ಕಾನೂನು ಬಂತು, ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಬಂತು. ನನ್ನ ತರಗತಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದು ಮಧ್ಯಾಹ್ನದ ಗಂಟೆಗಾಗಿ ಕಿವಿಗೊಟ್ಟು ಕೂಡುವ ಮಕ್ಕಳು ಕಡಿಮೆಯಾದದ್ದನ್ನು ಕಣ್ಣಾರೆ ಕಂಡವಳು ನಾನು. ಕೂಲಿಗೆ ಆಳು ಸಿಗುವುದಿಲ್ಲ ಎಂದು ಗೊಣಗುವವರ ನಿಜವಾದ ದುಃಖ, ಅಗ್ಗದ ಆಳು ಸಿಗುವುದಿಲ್ಲ ಎಂಬುದು. ಹೊಟ್ಟೆ ತುಂಬಿದ ಹೆಂಗಸು ಕೂಲಿಯ ದರ ಕೇಳುತ್ತಾಳೆ. ಕೇಳಲಿ.

ಆದರೆ ಆ ಕಾನೂನಿನ ಕೊನೆಯಲ್ಲಿರುವ ಬೆಲೆಪಟ್ಟಿಯನ್ನು ಓದಿ ನೋಡಿ. ಅಕ್ಕಿ ಕಿಲೋಗೆ 3 ರೂಪಾಯಿ, ಗೋಧಿ 2 ರೂಪಾಯಿ, ಒರಟು ಧಾನ್ಯ 1 ರೂಪಾಯಿ. 2023ರಿಂದ ಎಲ್ಲವೂ ಪುಕ್ಕಟೆಯಾಯಿತು, ಆ ಮಾತು ಬೇರೆ. ನನ್ನ ಅಜ್ಜಿ, ಮುತ್ತಜ್ಜಿ ತಿಂದು ಹೊಲ ಗೇಯ್ದ ಕಾಳಿಗೆ ದಿಲ್ಲಿಯ ಕಾಗದದಲ್ಲಿ ಒರಟು ಎಂಬ ಹೆಸರು, ಒಂದು ರೂಪಾಯಿಯ ಮರ್ಯಾದೆ! ಯಾರ ನಾಲಗೆಗೆ ಒರಟು? 2018ರಲ್ಲಿ ಆ ಹೆಸರು ಸರಿಯಲ್ಲವೆಂದು ಪೌಷ್ಟಿಕ ಧಾನ್ಯ ಎಂದು ಬದಲಿಸಿದರು. 2023ರಲ್ಲಿ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಬಂದಾಗ ಬಜೆಟ್ಟಿನಲ್ಲಿ ‘ಶ್ರೀ ಅನ್ನ’ ಎಂದು ಮತ್ತೊಂದು ನಾಮಕರಣವಾಯಿತು. ಐದಾರು ವರ್ಷದಲ್ಲಿ ಮೂರು ಹೆಸರು ಕಂಡ ಕೂಸು ಇದು. ತೊಟ್ಟಿಲಿಗೇನೋ ಜರತಾರಿ ಹಾಕಿದರು, ಹಾಲು ಮಾತ್ರ ಇಲ್ಲ. 1960ರ ಸುಮಾರಿಗೆ ದೇಶದಲ್ಲಿ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರಿನಲ್ಲಿ ಜೋಳ ಇತ್ತು. ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ.

ರೈತ ಯಾಕೆ ಬಿಟ್ಟ? ನಮ್ಮ ಕಡೆ ಹಿಂಗಾರಿ ಜೋಳ ಎಕರೆಗೆ ನಾಲ್ಕೈದು ಚೀಲ ಬಂದರೆ ದೊಡ್ಡದು. ಬುಡಸಮೇತ ಕೈಯಿಂದ ಕೀಳಬೇಕು, ಕೀಳುವವರು ಸಿಗುವುದಿಲ್ಲ. ಕಡಲೆ ಹಾಕಿದರೆ ಕೆಲಸ ಸುಲಭ, ಕಾಲುವೆ ಬಂದಲ್ಲಿ ಕಬ್ಬು. ಸರಕಾರ ಬೆಂಬಲ ಬೆಲೆ ಕೊಡುವುದಿಲ್ಲವೇ ಎಂದರೆ, ಕೊಡುತ್ತದೆ, ಕಾಗದದ ಮೇಲೆ ಚಂದವಾಗಿಯೇ ಕೊಡುತ್ತದೆ. 2025-26ಕ್ಕೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,699 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ನೋಡಿದರೆ ಜೋಳದವನೇ ಶ್ರೀಮಂತ. ಆದರೆ ಕೊಳ್ಳುವವರು ಬೇಕಲ್ಲ! ಸರಕಾರದ ಅಕ್ಕಿ ಖರೀದಿ ವರ್ಷಕ್ಕೆ 500 ಲಕ್ಷ ಟನ್ನಿಗೂ ಹೆಚ್ಚು. ಜೋಳ, ರಾಗಿ, ಸಜ್ಜೆ, ಮೆಕ್ಕೆಜೋಳ ಎಲ್ಲ ಕೂಡಿಸಿದರೂ ಅದರ ಒಂದು ಮೂಲೆಗೆ ಬರುವುದಿಲ್ಲ. ನಮ್ಮ ರಾಜ್ಯ ಉತ್ತರದಲ್ಲಿ ಜೋಳ, ದಕ್ಷಿಣದಲ್ಲಿ ರಾಗಿ ಕೊಂಡು ರೇಷನ್ನಿನಲ್ಲಿ ಹಂಚಿದ್ದುಂಟು. ಅದು ಒಳ್ಳೆಯ ಕೆಲಸವೇ. ಆದರೆ 2021ರ ಕೊನೆಯವರೆಗೆ ಕೊಂಡ ಜೋಳ, ರಾಗಿಯನ್ನು ಮೂರು ತಿಂಗಳಲ್ಲಿ ಹಂಚಿ ಮುಗಿಸಬೇಕೆಂದು ಕೇಂದ್ರದ ನಿಯಮವಿತ್ತು. ಆಮೇಲೆ ಜೋಳಕ್ಕೆ ಒಂಬತ್ತು, ರಾಗಿಗೆ ಹತ್ತು ತಿಂಗಳಾಯಿತು. ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದ ಕಾಳಿಗೆ ಗೋದಾಮಿನಲ್ಲಿ ಮೂರೇ ತಿಂಗಳ ಆಯುಷ್ಯ! ಕೊಳ್ಳಲು ಮನಸ್ಸಿಲ್ಲದವರಿಗೆ ಇಡಲು ಜಾಗವೂ ಇರುವುದಿಲ್ಲ, ಮನೆಗೆ ಬೀಗರು ಬರಬಾರದು ಎನ್ನುವವರು ಹಾಸಿಗೆ ಇಲ್ಲ ಎಂದಂತೆ.

ಇನ್ನು ಹವಾಮಾನದ ಮಾತು. ಇದು ಯಾವುದೋ ದೂರದ ಹಿಮದ ಬೆಟ್ಟದ ಸಂಗತಿ ಎಂದು ನಾವು ಪೇಟೆಯ ಹೆಂಗಸರು ತಿಳಿದಂತಿದೆ. 2022ರ ಮಾರ್ಚ್, 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಸುಡು ಮಾರ್ಚ್. ಪಂಜಾಬು, ಹರಿಯಾಣದಲ್ಲಿ ಹಾಲುಗಾಳಿನ ಹೊತ್ತಿಗೆ ಬಿಸಿಗಾಳಿ ತಾಗಿ ಗೋಧಿ ಚೊಳ್ಳಾಯಿತು. ಜಗತ್ತಿಗೇ ಅನ್ನ ಹಾಕಲು ಸಿದ್ಧ ಎಂದು ಏಪ್ರಿಲಿನಲ್ಲಿ ಹೇಳಿದ್ದ ದಿಲ್ಲಿ, ಮೇ 13ಕ್ಕೆ ಗೋಧಿ ರಫ್ತು ನಿಲ್ಲಿಸಿತು. ರೇಷನ್ನಿನಲ್ಲಿ ಗೋಧಿ ಕಡಿಮೆ ಮಾಡಿ ಆ ಜಾಗಕ್ಕೂ ಅಕ್ಕಿ ತುಂಬಿದರು. ಮರುವರ್ಷ ಅಕ್ಕಿಯ ಪಾಳಿ. 2023ರ ಆಗಸ್ಟ್ ಕೂಡ 1901ರಿಂದ ಈಚಿನ ಅತಿ ಒಣ ಆಗಸ್ಟ್. ಮಳೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ದೀಪಾವಳಿಯ ನಂತರ ಏಳು ಹೆಸರುಗಳ ಮುಂದೆ ಬರೀ ಗೈರು. ತಂದೆ ತಾಯಿಯ ಜೊತೆ ಕಬ್ಬು ಕಡಿಯಲು ಹೋದವರು ಕೆಲವರು, ಗೋವೆಗೆ ಹೋದವರು ಕೆಲವರು. ನಾಲ್ವರು ಮರಳಿ ಬಂದರು.

ಅದೇ ವರ್ಷ ರಾಜ್ಯ ಸರಕಾರ ತಲೆಗೆ ಹತ್ತು ಕಿಲೋ ಅಕ್ಕಿ ಕೊಡುತ್ತೇನೆಂದಿತು. ಕಿಲೋಗೆ 34 ರೂಪಾಯಿ ಕೊಡಲು ಸಿದ್ಧವಿತ್ತು. ರಾಜ್ಯಗಳಿಗೆ ಮಾರುವುದಿಲ್ಲ ಎಂದು ಕೇಂದ್ರದ ಆಹಾರ ನಿಗಮ ಬಾಗಿಲು ಹಾಕಿತು. ಕೊನೆಗೆ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. ಇದರಲ್ಲಿ ಯಾವ ಪಕ್ಷದ್ದು ಎಷ್ಟು ತಪ್ಪು ಎಂದು ಲೆಕ್ಕ ಹಾಕುವುದು ಗಂಡಸರ ಹರಟೆ ಕಟ್ಟೆಗೆ ಬಿಟ್ಟದ್ದು. ನಾನು ಕೇಳುವುದು ಇಷ್ಟೇ: ದಿಲ್ಲಿಯ ಒಂದು ಬಾಗಿಲು ಮುಚ್ಚಿದರೆ ಒಂದು ಇಡೀ ರಾಜ್ಯದ ಊಟ ಯಾಕೆ ನಿಲ್ಲಬೇಕು? ಡೋಣಿ ಸಾಲಿನ ಜೋಳ, ತುಮಕೂರಿನ ರಾಗಿ ಸರಕಾರದ ಕೈಯಲ್ಲಿ ಇದ್ದಿದ್ದರೆ ಹೀಗೆ ಹಣ ಹಂಚಿ ಕೈತೊಳೆದುಕೊಳ್ಳಬೇಕಿತ್ತೇ? ತಮಾಷೆ ಮುಂದಿದೆ. 2025ಕ್ಕೆ ಗೋದಾಮುಗಳಲ್ಲಿ ಅಕ್ಕಿ ಹಿಡಿಸಲಾರದಾಯಿತು. ಆಗ ಕಿಲೋಗೆ ಇಪ್ಪತ್ತೆರಡೂವರೆ ರೂಪಾಯಿಗೆ ರಾಜ್ಯಗಳಿಗೂ ಕೊಟ್ಟರು, ಮೋಟಾರಿಗೆ ಹಾಕುವ ಎಥನಾಲ್ ಮಾಡಲೆಂದು ಸುಮಾರು 52 ಲಕ್ಷ ಟನ್ ಅಕ್ಕಿಯನ್ನೂ ಅದೇ ದರಕ್ಕೆ ಎತ್ತಿಟ್ಟರು. ಒಂದು ವರ್ಷ ಮನುಷ್ಯರಿಗಿಲ್ಲ, ಮತ್ತೊಂದು ವರ್ಷ ಕಾರಿಗೂ ಉಂಟು. ಪಂಜಾಬಿನ ಅಂತರ್ಜಲ ಬತ್ತಿಸಿ, ನಿಂತ ನೀರಿನಿಂದ ಭೂಮಿ ಕಾಯಿಸುವ ಮೀಥೇನ್ ಹೊರಡಿಸಿ ಬೆಳೆದ ಅಕ್ಕಿ ಇದು, ನೆನಪಿರಲಿ.

ನಮ್ಮ ಬಾಗಿಲಷ್ಟೇ ಮುಚ್ಚಿತು ಎಂದುಕೊಳ್ಳಬೇಡಿ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು 40 ಪಾಲು ಭಾರತದ್ದು. ನಮ್ಮ ಸರಕಾರ 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತನ್ನು, 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ತಡೆಯಿತು. ಆ ಆಗಸ್ಟಿನಲ್ಲಿ ಜಗತ್ತಿನ ಅಕ್ಕಿ ಬೆಲೆ ಹದಿನೈದು ವರ್ಷದಲ್ಲಿ ಕಾಣದಷ್ಟು ಏರಿತು. ಬಿಳಿ ಅಕ್ಕಿಯ ತಡೆ 2024ರ ಸೆಪ್ಟೆಂಬರಿನಲ್ಲಿ, ನುಚ್ಚಿನದು 2025ರ ಮಾರ್ಚಿನಲ್ಲಿ ತೆರವಾಯಿತು. ನುಚ್ಚಕ್ಕಿ ನಮಗೆ ಇಡ್ಲಿಗೋ ಕೋಳಿಗೋ. ಪಶ್ಚಿಮ ಆಫ್ರಿಕದ ಸೆನೆಗಲ್‌ನಲ್ಲಿ ಅದು ಮಧ್ಯಾಹ್ನದ ಊಟ, ಮೀನಿನ ಜೊತೆ ಬೇಯಿಸುವ ಅವರ ಹೆಮ್ಮೆಯ ಅಡಿಗೆ. ಆ ಊಟದ ಕಥೆ ಕೇಳಿದರೆ ನಮ್ಮ ಕಥೆಯೇ ಕೇಳಿದಂತಾಗುತ್ತದೆ. ಸೆನೆಗಲ್ ಹಿಂದೆ ಸಜ್ಜೆ, ಜೋಳ ತಿಂದ ನಾಡು. ಆಳಲು ಬಂದ ಫ್ರೆಂಚರು ಅಲ್ಲಿನ ಹೊಲಕ್ಕೆ ಶೇಂಗಾ ಹಾಕಿಸಿದರು. ತಮ್ಮ ಇನ್ನೊಂದು ವಸಾಹತು ಇಂಡೋಚೀನದ ನುಚ್ಚಕ್ಕಿ ತಂದು ಊಟಕ್ಕೆ ಹಾಕಿದರು. ಶೇಂಗಾ ಹಡಗೇರಿತು, ನುಚ್ಚು ಇಳಿಯಿತು. ಆಳುವವರು ಹೋದರೂ ನುಚ್ಚು ಉಳಿಯಿತು. ಈಗ ಇಲ್ಲಿ ಮಳೆ ತಪ್ಪಿದರೆ ಅಲ್ಲಿಯ ತಾಯಿ ಗಡಿಗೆ ಎಷ್ಟು ತುಂಬಿಸಲಿ ಎಂದು ಯೋಚಿಸಬೇಕು. ಜೋಳವಾಗಲಿ ರಾಗಿಯಾಗಲಿ ನಮ್ಮದೆಂದು ನಾವು ಬೀಗುತ್ತೇವಲ್ಲ, ಅವೆರಡರ ತವರು ಆಫ್ರಿಕ ಖಂಡ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಯ ಕೈಗಳು ಪಳಗಿಸಿದ ಕಾಳು ನಮ್ಮನ್ನು ಸಾಕಿತು.

ಈ ಬಿಸಿಲು ಯಾರ ಒಲೆಯದು ಎಂಬುದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಒಬ್ಬ ಮನುಷ್ಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ. ನಮ್ಮವನದು ಸುಮಾರು 2 ಟನ್, ಅದೂ ನಗರದ ಶ್ರೀಮಂತರದನ್ನು ಸೇರಿಸಿ. ನಷ್ಟ ತುಂಬಿಕೊಡಲು ನಿಧಿ ಮಾಡೋಣ ಎಂದು ಶ್ರೀಮಂತ ದೇಶಗಳು 2022ರಲ್ಲಿ ಒಪ್ಪಿದವು. ಒಪ್ಪಿಗೆಯನ್ನು ಒನಕೆಯಿಂದ ಕುಟ್ಟಿದರೆ ಹಿಟ್ಟು ಬರುವುದಿಲ್ಲ.

ಈಗ ಮೇಳದ ಮಹನೀಯರ ಕಡೆಗೆ ಬರುತ್ತೇನೆ. ಸ್ವಾಮಿ, ತಾವು ಎಂದಾದರೂ ಜೋಳದ ರೊಟ್ಟಿ ಬಡಿದಿದ್ದೀರಾ? ಎಸರು ಕಾಯಿಸಿ, ಕೊಣಮಿಗೆಯಲ್ಲಿ ಹಿಟ್ಟು ನಾದಿ, ಒಂದೊಂದೇ ಬಡಿದು, ಹಂಚಿನ ಮೇಲೆ ನೀರು ಸವರಿ, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಹನ್ನೆರಡು ಮಂದಿಗೆ ದಿನಕ್ಕೆರಡು ಹೊತ್ತು! ನಮ್ಮ ತಾಯಂದಿರ ಭುಜ ಸವೆದದ್ದು ಹೀಗೆ. ಕುಕ್ಕರು ಮೂರು ಸೀಟಿ ಹೊಡೆದರೆ ಅನ್ನ ಆಗುತ್ತದೆ. ಎಂಟೂವರೆಗೆ ಬಸ್ಸು ಹಿಡಿಯಬೇಕಾದ ನನ್ನಂಥವಳಿಗೆ ಅದು ಬಿಡುಗಡೆ. ಹೆಂಗಸರು ಜೋಳವನ್ನು ಮರೆಯಲಿಲ್ಲ. ದಣಿದಿದ್ದರು. ಆ ದಣಿವಿಗೆ ಉತ್ತರ ಹುಡುಕದೆ ಬರೀ ಜೋಳದ ಗುಣಗಾನ ಮಾಡುವವರು, ಮನೆಗೆ ಹೋಗಿ ಬಿಸಿ ರೊಟ್ಟಿಗೆ ಕೈಚಾಚುವವರೇ ಆಗಿರುತ್ತಾರೆ. ಉತ್ತರ ಇಲ್ಲವೆಂದಲ್ಲ. ನಮ್ಮ ಊರುಗಳಲ್ಲಿ ಒಂದು ಓಣಿ ಬಿಟ್ಟು ಒಂದು ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸರಿದ್ದಾರೆ. ಅವರಿಗೆ ಅಗ್ಗದ ಜೋಳ, ಯಂತ್ರಕ್ಕೆ ಸಾಲ, ಶಾಲೆ ಹಾಸ್ಟೆಲುಗಳ ಗುತ್ತಿಗೆ ಕೊಟ್ಟರೆ ಕೆಲಸ ಕೆಲಸವಾಗಿ ಕೂಲಿ ತರುತ್ತದೆ. ಬೆಲೆ ಎಷ್ಟಿದೆ ಎಂದು ಮೇಳದ ಪೊಟ್ಟಣಗಳ ಬೆನ್ನು ತಿರುಗಿಸಿ ಓದಿದರೆ, ಆ ಧಾನ್ಯ ಬೆಳೆದ ಹೆಣ್ಣಾಳು ಅದನ್ನು ಕೊಳ್ಳಲಾರಳು ಎಂಬುದು ಗೊತ್ತಾಗುತ್ತದೆ.

ಶಾಲೆಯ ಮಾತು ಬಂತು. 2024ರ ಫೆಬ್ರವರಿಯಿಂದ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಬಂತು. ಮಕ್ಕಳು ಕುಡಿದರು, ಚೆನ್ನಾಗಿಯೂ ಇತ್ತು. ಜೋಳದ ಸೀಮೆಗೆ ರಾಗಿ ಯಾಕೆ ಎಂದು ನಾನು ಕೇಳಿದರೆ ಬಿಸಿಯೂಟದ ಅಡಿಗೆಯವಳು ನಕ್ಕಳು. “ಅಕ್ಕೋರ, ಅನ್ನ ಉಂಡ್ರ ಎರಡ ತಾಸಿಗೆ ಮತ್ತ ಹಸೀತೈತ್ರಿ. ರೊಟ್ಟಿ ತಿಂದ್ರ ಸಂಜಿ ಮಟ ಕಸುವು ಇರತೈತಿ. ಇದನ್ನ ನಮ್ಮನ್ನ ಯಾರ ಕೇಳ್ಯಾರ್ರಿ?”

ಕೇಳಿದವರು, ಕೇಳದೆಯೂ ಮಾಡಿದವರು ಒಂದು ಕಡೆ ಇದ್ದಾರೆ. ನಮ್ಮ ಬೀದರಿನ ಮಗ್ಗುಲಲ್ಲೇ ಇರುವ ತೆಲಂಗಾಣದ ಜಹೀರಾಬಾದಿನ ಹಳ್ಳಿಗಳಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರ ಸಂಘಗಳು 1990ರ ದಶಕದ ನಡುವೆ ತಮ್ಮದೇ ಜೋಳದ ರೇಷನ್ ಕಟ್ಟಿದವು. ಬೀಳು ಬಿದ್ದ ಹೊಲದವರಿಗೆ ಉಳುಮೆಗೆ, ಗೊಬ್ಬರಕ್ಕೆ, ಬೀಜಕ್ಕೆ ಮುಂಗಡ ಕೊಟ್ಟರು. ಪಡೆದವರು ಹಣದ ಬದಲು ಕೆಲವು ವರ್ಷ ಜೋಳವನ್ನೇ ಸಂಘಕ್ಕೆ ಅಳೆದು ತೀರಿಸಿದರು. ಅದನ್ನು ಊರಲ್ಲೇ ಶೇಖರಿಸಿ, ಕೆಲಸವೂ ಇಲ್ಲದೆ ಕಾಳೂ ಇಲ್ಲದೆ ಕೂಡುವ ಮಳೆಗಾಲದಲ್ಲಿ ಬಡ ಮನೆಗಳಿಗೆ ಕಡಿಮೆ ಬೆಲೆಗೆ ಹಂಚಿದರು. ಯಾರು ಬಡವರು ಎಂದು ತಹಸೀಲ್ದಾರ ಹೇಳಲಿಲ್ಲ, ಊರವರೇ ಕೂತು ಆರಿಸಿದರು. ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇದು ನಡೆಯಿತು. ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯ ಹಣವೇ ಇದಕ್ಕೆ ಬಂದಿತ್ತು ಎಂಬುದನ್ನು ಗಮನಿಸಿ. ಸರಕಾರಕ್ಕೆ ದಾರಿ ತಿಳಿಯದೇ ಇಲ್ಲ. ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ಅದೇ ಸಿರಿಧಾನ್ಯ ವರ್ಷದಲ್ಲಿ, 2023ರ ಮಾರ್ಚಿನಲ್ಲಿ ತೀರಿಕೊಂಡರು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಪ್ರಶಸ್ತಿ ಕೊಡುವುದು ಸುಲಭ. ಕ್ರಮವನ್ನು ಎತ್ತಿಕೊಂಡು ಬೇರೆ ಜಿಲ್ಲೆಗೆ ನೆಡುವವರು ಬೇಕು.

ಜೋಳ ಬಂದರೆ ಬರ ಓಡಿಹೋಗುತ್ತದೆಂದು ನಾನು ಹೇಳುತ್ತಿಲ್ಲ. 2023ರಲ್ಲಿ ಹಿಂಗಾರಿಯೂ ಕೈಕೊಟ್ಟಿತು. 2025ರಲ್ಲಿ ಭೀಮೆ ಉಕ್ಕಿ ಕಲಬುರಗಿ ಕಡೆ ತೊಗರಿ ಹೊಲಗಳೆಲ್ಲ ನೀರಲ್ಲಿ ನಿಂತವು. ಒಂದು ವರ್ಷ ಒಣಗಿಸುವ, ಒಂದು ವರ್ಷ ಮುಳುಗಿಸುವ ಮಳೆಗೆ ಯಾವ ಒಂದು ಬೆಳೆಯೂ ಎದುರು ನಿಲ್ಲದು. ಅದಕ್ಕೇ ಹತ್ತು ಬೆಳೆ ಬೇಕು. ಅಜ್ಜನ ಹೊಲದಲ್ಲಿ ಜೋಳದ ನಡುವೆ ಕುಸುಬೆ, ಕಡಲೆಯ ಅಕ್ಕಡಿ ಸಾಲು ಇದ್ದದ್ದು ಚಂದಕ್ಕಲ್ಲ. ಹೊಲದಲ್ಲಿ ಹತ್ತು ಬೆಳೆ ಉಳಿಯಬೇಕಾದರೆ ಕೊಳ್ಳುವ ಕೈಯಲ್ಲಿ ಹತ್ತು ಚೀಲ ಇರಬೇಕು, ಆ ಕೈ ಸರಕಾರದ್ದು.

ನನ್ನ ಬೇಡಿಕೆ ದೊಡ್ಡದಲ್ಲ. ತಲೆಗೆ ಕೊಡುವ ಕಾಳಿನಲ್ಲಿ ಎರಡು ಕಿಲೋ ಆಯಾ ಸೀಮೆಯದಾಗಿರಲಿ: ನಮಗೆ ಜೋಳ, ಕೋಲಾರಕ್ಕೆ ರಾಗಿ, ಕರಾವಳಿಗೆ ಕೆಂಪು ಕುಚಲಕ್ಕಿ. ಕೊಯ್ಲಿನ ವಾರವೇ ಖರೀದಿ ಕೇಂದ್ರ ತೆರೆಯಲಿ, ಜಿಲ್ಲೆಯಲ್ಲೇ ಗೋದಾಮು ಇರಲಿ. ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಸಂಘದ ಹೆಂಗಸರು ಬಡಿದ ರೊಟ್ಟಿ ಇರಲಿ.

ಅಕ್ಕ ತಂಗಿಯರೇ, ಆ 2013ರ ಕಾನೂನಿನಲ್ಲಿ ಇನ್ನೂ ಒಂದು ಮಾತಿದೆ, ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನ ಗಂಡನಲ್ಲ. ಹದಿನೆಂಟು ತುಂಬಿದ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ನ್ಯಾಯಬೆಲೆ ಅಂಗಡಿಗೊಂದು ಜಾಗೃತ ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿಗೆ ತಕ್ಕ ಸ್ಥಾನ ಇರಬೇಕು ಎಂದೂ ಇದೆ. ಚೀಲ ಹೊರಲು ಮುಖ್ಯಸ್ಥೆ, ಚೀಲದೊಳಗೆ ಏನಿರಬೇಕು ಎಂದು ಹೇಳಲು ಮಾತ್ರ ಅಲ್ಲ!

ಆ ಸಮಿತಿಯ ಸಭೆ ಯಾವಾಗ ನಡೆಯುತ್ತದೆ ಎಂದು ನಮ್ಮ ಓಣಿಯ ಅಂಗಡಿಯವನನ್ನು ಹೋದ ತಿಂಗಳು ಕೇಳಿದೆ. “ಅಕ್ಕೋರ, ನಿಮ್ಮದು ಬಿಪಿಎಲ್ ಕಾರ್ಡ ಅಲ್ಲಲ್ರಿ, ನಿಮಗ್ಯಾಕ ಬೇಕ್ರಿ ಅದೆಲ್ಲಾ?” ಎಂದ. ಖರೆ, ನನ್ನದಲ್ಲ. ಮರುವಾರ ಕಾರ್ಡಿರುವ ನಾಲ್ವರು ಹೆಂಗಸರನ್ನು ಕರೆದುಕೊಂಡು ಹೋದೆ. ಬಿಸಿಯೂಟದ ಅಡಿಗೆಯವಳೂ ಇದ್ದಳು. ಸಭೆಯ ಪುಸ್ತಕ ಮೇಲಿನ ಆಫೀಸಿನಲ್ಲಿದೆ, ತರಿಸುತ್ತೇನೆ ಎಂದಿದ್ದಾನೆ. ಬರುವ ಸೋಮವಾರ ಮತ್ತೆ ಹೋಗುವವರಿದ್ದೇವೆ.